ಎರಡಡಿ ಕೂಡಿಸಿದವನು

ಆ ಹೊಳೆಯ ಸೆಳವು ಎಂಥದಂತೀರಿ? ಈ ದಂಡೆಯಲ್ಲಿ ಕೈಜಾರಿದ ಧೋತರ ಏಳು ಊರಾಚೆ ಯಾರದೋ ಸೊಂಟಕ್ಕೆ ಸುತ್ತಿಕೊಂಡೇ ನಿಲ್ಲುತ್ತಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ದಂಡೆಯ ಮೇಲೆ ಅಡಿವೆಪ್ಪಜ್ಜನ ಆಶ್ರಮ. ಅಲ್ಲೊಂದು ಕಂಪ್ಯೂಟರು. ಹೊಳೆಯಲ್ಲಿ ನಿಂತ ಅಳತೆಗಂಬ ನೋಡಿ, ನೀರು ಸ್ನಾನದ ಮೆಟ್ಟಿಲಿಗೆ ಏರುವ ಮುಂಚೆ ಅದು ಗಂಟೆ ಬಾರಿಸುತ್ತಿತ್ತು. ಗಂಟೆಯೆಂದರೆ ಗಂಟೆ! ಹೂತ ಹೆಣ ಮಗ್ಗಲು ಬದಲಿಸಬೇಕು.

ಆ ಪ್ರೋಗ್ರಾಮನ್ನು ಇಪ್ಪತ್ತು ವರ್ಷದಿಂದ ಶಿಷ್ಯರೇ ತಿದ್ದುತ್ತ ಬಂದಿದ್ದರು. ಯಾರು ತಿದ್ದಿದರು, ಯಾಕೆ ತಿದ್ದಿದರು ಎಂಬುದೆಲ್ಲ ಹಳೇ ಸರ್ವರಿನಲ್ಲಿತ್ತು. ಅದಕ್ಕೂ ಮುಪ್ಪು ಬಂತು. ಎಲ್ಲವನ್ನೂ ಹೊಸದಕ್ಕೆ ಸಾಗಿಸುವ ಕೆಲಸ ಶಿಷ್ಯ ಚಂದ್ರಾಮನ ಪಾಲಿಗೆ ಬಿತ್ತು.

ನಾಲ್ಕು ಸಾವಿರ ತಿದ್ದುಪಡಿ! ಒಂದು ಕಡೆ ‘ನಿನ್ನೆ ಮಾಡಿದ್ದು ತಪ್ಪು’. ಅದರ ಮುಂದೆಯೇ ‘ನಿನ್ನೆ ತಪ್ಪೆಂದಿದ್ದೇ ತಪ್ಪು’. ಚಂದ್ರಾಮನ ತಲೆ ಕಡೆದ ಮಜ್ಜಿಗೆಯಾಯಿತು.

"ಇದೆಲ್ಲಾ ಯಾಕ ಹೊರಬೇಕ್ರಿ ಅಜ್ಜಾರ? ಇವತ್ತಿನ ಪ್ರೋಗ್ರಾಮ್ ಒಂದ ಸಾಕಲ್ಲ?"

ಅಜ್ಜ ಶೇಂಗಾ ಸುಲಿಯುತ್ತಿದ್ದ. ಕಾಳು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಅವನ ಕೈಗಿಟ್ಟ.

ಇಟ್ಟುಕೋ ಎಂದೋ, ಬಿಸಾಕು ಎಂದೋ? ಚಂದ್ರಾಮನಿಗೆ ಬಗೆಹರಿಯಲಿಲ್ಲ. ಕೊನೆಗೆ ಬಿಸಾಕಿದ. ಇವತ್ತಿನ ಪ್ರೋಗ್ರಾಮನ್ನಷ್ಟೇ ಸಾಗಿಸಿದ.

ಅದರಲ್ಲೊಂದು ಸಾಲು: ಕಂಬದ ಅಳತೆಗೆ ಎರಡಡಿ ಕೂಡಿಸು.

"ಅಜ್ಜಾರ, ಇಲ್ಲದ ಎರಡಡಿ ನೀರು ಯಾಕ ಕೂಡಿಸ್ಯಾರ?"

"ಬರದಾಂವನ್ನ ಕೇಳು."

"ಅಂವ ಎಲ್ಲಿದಾನ್ರಿ?"

"ನೀ ಬಿಟ್ಟು ಬಂದಲ್ಲಿ."

ಇದು ಏನು ಒಗಟೋ! ಆತ್ಮದ ಮಾತಿರಬೇಕೆಂದು ಚಂದ್ರಾಮ ಅರ್ಧ ದಿನ ಕಣ್ಣುಮುಚ್ಚಿ ಕೂತ. ಆತ್ಮ ಏನೂ ಹೇಳಲಿಲ್ಲ. ಎದ್ದುಹೋಗಿ ಆ ಸಾಲು ಅಳಿಸಿಬಿಟ್ಟ.

ಮರುದಿನ ಬೆಳಿಗ್ಗೆ ಅಜ್ಜ ಮೆಟ್ಟಿಲ ಮೇಲೆ ಸ್ನಾನಕ್ಕೆ ಕೂತಿದ್ದ. ಹೊಳೆ ಏರಿತು. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಗಂಟೆ ಮಾತ್ರ ತೆಪ್ಪಗಿತ್ತು.

"ಏಳ್ರೀ ಅಜ್ಜಾರ!"

"ಗಂಟಿ ಆಗಿಲ್ಲಲ್ಲೋ ತಮ್ಮಾ."

"ನೀರು ಕಾಣವಲ್ದೇನ್ರಿ?"

"ಕಾಣತದ. ಆದ್ರ ಗಂಟಿ ನೀನ ಸಾಗಿಸಿದ್ದು. ತಪ್ಪತದೇನು?"

ಕೈ ಹಿಡಿದೆಳೆದ. ಅಜ್ಜ ಹೂತ ಕಲ್ಲು. ಚಂದ್ರಾಮ ಓಡಿದ. ಅವನ ನೆರಳು ಹಿಂದುಳಿದು ಏದುಸಿರು ಬಿಟ್ಟಿತು, ಅಂಥ ಓಟ.

ಪುಣ್ಯಕ್ಕೆ ಹಳೇ ಸರ್ವರನ್ನು ಇನ್ನೂ ಬಂದ್ ಮಾಡಿರಲಿಲ್ಲ. ಆ ಎರಡಡಿಯ ಕಾರಣ ಹುಡುಕಿದ. ಸಿಕ್ಕಿತು. ಹದಿನಾಲ್ಕು ವರ್ಷದ ಹಿಂದಿನದು, ಭೀಮಶಾ ಎಂಬ ಶಿಷ್ಯ ಬರೆದದ್ದು:

‘ಹಳೇ ಕಂಬ ಹೊಳಿ ಒಯ್ತು. ಹೊಸಾದು ಬಂಡೆಗಲ್ಲಿನ ಮ್ಯಾಲ ನಿಲ್ಲಿಸೀವಿ, ಎರಡಡಿ ಎತ್ತರಕ್ಕ. ಅದಕ್ಕ ಎರಡಡಿ ಕಮ್ಮಿ ತೋರಸ್ತದ. ಕೂಡಿಸೀನಿ. ಯಾರೂ ತಗೀಬ್ಯಾಡ್ರಿ. ಕೂಡಿಸೋದು ಒಂದು ದಿನ ತಡ ಆತು. ನನ್ನ ತಮ್ಮ ಹೋದ.’

ಚಂದ್ರಾಮ ಆ ಸಾಲನ್ನು ಮತ್ತೆ ಬರೆದ. ಗಂಟೆ ಬಡಿಯಿತು.

ಎದೆಮಟ್ಟದ ನೀರಿನಿಂದ ಅಜ್ಜ ಎದ್ದು ಬಂದ; ಧೋತರ ಹಿಂಡಿಕೊಂಡ.

ಚಂದ್ರಾಮ ಕಾಲಿಗೆ ಬಿದ್ದು ಅತ್ತ. "ನಿಮಗ ಗೊತ್ತಿತ್ತಲ್ಲ ಅಜ್ಜಾರ. ಅವತ್ತ ಬಾಯಿಬಿಟ್ಟು ಹೇಳಬಾರದಿತ್ತೇನ್ರಿ?"

"ನನಗೆಲ್ಲಿ ನೆನಪಿತ್ತೋ ಹುಚ್ಚಾ? ನನ್ನ ನೆನಪು ನಂಬೂಹಂಗಿದ್ರ, ಅಂವ ಯಾಕ ಬರದಿಡತಿದ್ದ?"