ಮೀಸೆ ಮೂಡಿದ ವಜ್ರ

ಹಿರೇಕೋಟೆಯ ದೊರೆ ಭುಜಂಗರಾಯನಿಗೆ ಎರಡೇ ಹೆಮ್ಮೆ. ಒಂದು ಬೊಕ್ಕಸದ ವಜ್ರಗಳು, ಇನ್ನೊಂದು ಮೀಸೆ. ಒಂದು ಸೋಮವಾರ ಮಂಗಳಾರತಿ ತೆಗೆದುಕೊಳ್ಳುವಾಗ ಅವನು ಸ್ವಲ್ಪ ಹೆಚ್ಚೇ ಬಾಗಿದ. ಎಡಮೀಸೆ ಅರ್ಧ ಸುಟ್ಟುಹೋಯಿತು.

ಅಂದೇ ಊರಲ್ಲಿ ಡಂಗುರ ಹೊಡೆಸಿದರು: ಪ್ರಭುಗಳ ಮೀಸೆ ಎಂದಿನಂತೆಯೇ ಇದೆ, ಇಲ್ಲವೆಂದವನು ಗಡೀಪಾರು. ಆಸ್ಥಾನದವರೆಲ್ಲ ದೊರೆಯ ಪಾದ ನೋಡಿಕೊಂಡು ಮಾತಾಡಲು ಕಲಿತರು.

ಬುಧವಾರ ಪರಊರಿನಿಂದ ಧನಪಾಲನೆಂಬ ವರ್ತಕ ಬಂದ. ಕೆಂಪು ಬಟ್ಟೆ ಬಿಚ್ಚಿ ಕಡಲೆಕಾಳಿನ ಗಾತ್ರದ ಐವತ್ತು ವಜ್ರ ಹರಡಿದ.

“ನಮ್ಮ ತಾತನ ಗಣಿಯವು, ಪ್ರಭು. ಒಂದರಲ್ಲೂ ಕಲೆ ಇಲ್ಲ. ಇವುಗಳ ಪಕ್ಕದಲ್ಲಿಟ್ಟರೆ ನಿಮ್ಮ ಬೊಕ್ಕಸದವು ಉಪ್ಪಿನ ಹರಳು.”

ರತ್ನಪರೀಕ್ಷಕ ಚೆನ್ನಮಲ್ಲಪ್ಪ ಒಂದೊಂದನ್ನೇ ಎತ್ತಿ ನೋಡಿದ. ಉಸಿರು ಬಿಟ್ಟ, ಹಬೆ ಕೂಡಲೇ ಆರಿತು. ಮಾಣಿಕ್ಯದ ಮೇಲೆ ಗೀಚಿದ, ಗೀರು ಬಿತ್ತು. ಎಲ್ಲ ಪರೀಕ್ಷೆಯಲ್ಲೂ ವಜ್ರವೇ. ಆದರೂ ಮನಸ್ಸು ಒಪ್ಪಲಿಲ್ಲ.

ಅವನ ಸೊಂಟದ ಚೀಲದಲ್ಲಿ ತೀರಿಕೊಂಡ ಹೆಂಡತಿಯ ಮೂಗುಬೊಟ್ಟು ಇತ್ತು. ಅದರ ವಜ್ರದೊಳಗೆ ಕೂದಲೆಳೆಯಂಥ ಒಂದು ಬಿರುಕು. ನಲವತ್ತು ವರ್ಷ ಎದುರಿಗೆ ಕೂತು ನೋಡಿದ ಬಿರುಕು. ನೆಲದಲ್ಲಿ ಹುಟ್ಟಿದ ಕಲ್ಲು ಎಂದಮೇಲೆ ಬಿರುಕೋ ಚುಕ್ಕೆಯೋ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಐವತ್ತಕ್ಕೆ ಐವತ್ತೂ ಶುದ್ಧವಾಗಿರುವುದನ್ನು ಅವನು ಕಂಡಿರಲಿಲ್ಲ.

“ವಜ್ರ ಹೌದು, ಪ್ರಭು,” ಎಂದ. “ಆದರೆ ಗಣಿಯದ್ದಲ್ಲ. ಕುಲುಮೆಯಲ್ಲಿ ಬೆಳೆಸಿದ್ದು.”

“ಕುಲುಮೆಯಲ್ಲಿ ಕುಡುಗೋಲು ಆಗುತ್ತೆ, ಅಜ್ಜಾ,” ಧನಪಾಲ ನಕ್ಕ. “ನಿನ್ನ ಕಣ್ಣಿಗೆ ಪೊರೆ ಬಂದಿದೆ.”

ದೊರೆಗೆ ಸಿಟ್ಟು ಬಂತು. “ಕಲೆ ಇಲ್ಲದ್ದೇ ತಪ್ಪಾ? ಹಾಗಾದರೆ ನಾನೂ ಕುಲುಮೆಯಲ್ಲಿ ಹುಟ್ಟಿದವನಾ? ಒಂದು ವಾರ ಕೊಟ್ಟಿದ್ದೇನೆ, ಚೆನ್ನಮಲ್ಲಪ್ಪ. ಸಾಬೀತು ಮಾಡು. ಆಗದಿದ್ದರೆ ತಕ್ಕಡಿ ಒಪ್ಪಿಸಿ, ಅರಮನೆ ಕೊಟ್ಟ ಮನೆ ಬಿಟ್ಟು ಹೊರಡು.”

ಆ ಮನೆಯ ಹಿತ್ತಲಲ್ಲಿ ಚೆನ್ನಮಲ್ಲಪ್ಪನ ಹೆಂಡತಿ ನೆಟ್ಟ ಮಲ್ಲಿಗೆ ಬಳ್ಳಿ ಇತ್ತು.

ಆಗ ಎದ್ದವನು ಕೇತಪ್ಪ, ದೊರೆಯನ್ನು ನಗಿಸುವುದಕ್ಕೇ ಆಸ್ಥಾನದಲ್ಲಿದ್ದವನು. “ಪ್ರಭು, ಅಜ್ಜಾರು ಒಂದು ಗುಟ್ಟು ಮುಚ್ಚಿಟ್ಟಿದ್ದಾರೆ. ಅಪ್ಪಟ ವಜ್ರದ ಹೊಟ್ಟೆಯಲ್ಲಿ ಈ ನೆಲವನ್ನು ಆಳುವ ದೊರೆಯ ಮೀಸೆ ಮೂಡಿರುತ್ತದೆ. ಬಲ ಎಡ ಎರಡೂ, ಇದ್ದದ್ದು ಇದ್ದ ಹಾಗೆ.”

ಚೆನ್ನಮಲ್ಲಪ್ಪ ಬೆಚ್ಚಿ ಅವನ ಕಡೆ ತಿರುಗಿದ. ದೊರೆ ಮಾತ್ರ ಸಿಂಹಾಸನದಿಂದ ಅರ್ಧ ಎದ್ದಿದ್ದ. “ನನ್ನ ಮೀಸೆಯೇ?”

“ಇನ್ಯಾರದು, ಪ್ರಭು? ತೀರಾ ಅಪರೂಪ. ನಿಮ್ಮ ಬೊಕ್ಕಸದಲ್ಲೂ ಇಲ್ಲ.”

“ನಮ್ಮಲ್ಲಿವೆ,” ಧನಪಾಲ ತಟ್ಟನೆ ಹೇಳಿದ. “ಬೇರೆಯಾಗಿ ಎತ್ತಿಟ್ಟಿದ್ದೇವೆ. ಮುಂದಿನ ಬುಧವಾರ ತರುತ್ತೇನೆ.” ಹೊರಡುವ ಮುಂಚೆ ಅವನು ದೊರೆಯ ಮುಖವನ್ನು ಬಹಳ ಹೊತ್ತು ನೋಡಿದ. ಆ ಸಭೆಯಲ್ಲಿ ಹಾಗೆ ನೋಡಿದವನು ಅವನೊಬ್ಬನೇ.

ಹೊರಗೆ ಬಂದ ಮೇಲೆ ಚೆನ್ನಮಲ್ಲಪ್ಪ ಕೇಳಿದ, “ಏನಪ್ಪ ಕೇತಪ್ಪ, ವಜ್ರದೊಳಗೆ ಎಲ್ಲಾದರೂ ಮೀಸೆ ಇರುತ್ತದಾ? ಇದ್ದ ಒಂದು ಮಾನವನ್ನೂ ಕಳೆದೆಯಲ್ಲ.”

“ನಿಮ್ಮ ಮಾನ ಒಂದು ವಾರ ನನ್ನ ಹತ್ತಿರ ಇರಲಿ, ಅಜ್ಜಾರೇ. ನೀವು ಹೋಗಿ ಮಲ್ಲಿಗೆಗೆ ನೀರು ಹಾಕಿ.”

ಬುಧವಾರ ಧನಪಾಲ ಮತ್ತೆ ಐವತ್ತು ವಜ್ರ ತಂದ. ಪ್ರತಿಯೊಂದರ ನಡುವೆಯೂ ಕಪ್ಪಗೆ ಒಂದು ಮೀಸೆ. ಭೂತಗನ್ನಡಿಯಲ್ಲಿ ಮೀಸೆ ಕಂಡದ್ದೇ ತಡ, ಸರಿಯಾಗಿ ನೋಡುವ ಮುಂಚೆಯೇ ದೊರೆಯ ಕಣ್ಣು ತುಂಬಿ ಮಂಜಾಯಿತು. “ನೋಡಿದೆಯಾ ಚೆನ್ನಮಲ್ಲಪ್ಪ, ಭೂಮಿತಾಯಿಗೆ ನನ್ನ ಗುರುತಿದೆ.”

ಕೇತಪ್ಪ ಮೆಲ್ಲಗೆ ಕೇಳಿದ, “ಧನಪಾಲರೇ, ಇವು ನೆಲದೊಳಗೆ ಎಷ್ಟು ವರ್ಷ ಇದ್ದವು?”

“ಸಾವಿರಾರು ವರ್ಷ.”

“ಅಗೆದು ತೆಗೆದದ್ದು?”

“ನಮ್ಮ ತಾತನ ಕಾಲದಲ್ಲಿ.”

“ಆಮೇಲೆ ಯಾರೂ ಒಳಗೆ ತಿದ್ದಿಲ್ಲವಲ್ಲ?”

“ವಜ್ರದ ಒಳಗೆ ತಿದ್ದುವುದಾ? ದೇವರಾಣೆ ಇಲ್ಲ.”

“ಅಜ್ಜಾರೇ, ನೀವೊಮ್ಮೆ ನೋಡಿ. ಬಲಮೀಸೆ ಹೇಗಿದೆ?”

ಚೆನ್ನಮಲ್ಲಪ್ಪ ಭೂತಗನ್ನಡಿ ಹಿಡಿದ. ಕಂಡದ್ದನ್ನು ಕಂಡಷ್ಟೇ ಹೇಳುವುದು ಅವನ ಕಸುಬು. “ಎರಡು ಸುತ್ತು ತಿರುಗಿದೆ.”

“ಎಡಮೀಸೆ?”

ಮುದುಕನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು. ಈಗ ಅವನಿಗೆ ಎಲ್ಲವೂ ತಿಳಿಯಿತು. ಒಂದೊಂದಾಗಿ ಐವತ್ತನ್ನೂ ನೋಡಿ ಮುಗಿಸಿದ ಮೇಲೆಯೇ ಬಾಯಿ ಬಿಟ್ಟ. “ಅರ್ಧವೇ ಇದೆ. ತುದಿ ಸುಟ್ಟ ಹಾಗಿದೆ. ಐವತ್ತರಲ್ಲೂ.”

ಸಭೆಯವರೆಲ್ಲ ಪಾದಗಳನ್ನು ಇನ್ನಷ್ಟು ಶ್ರದ್ಧೆಯಿಂದ ನೋಡತೊಡಗಿದರು. ದೊರೆಯ ಕೈ ಮುಖದ ತನಕ ಹೋಗಿ ಕೆಳಗಿಳಿಯಿತು. “ಯಾರ ಮೀಸೆ ಅರ್ಧ ಇರುವುದು?”

“ಯಾರದೂ ಇಲ್ಲ, ಪ್ರಭು,” ಎಂದ ಕೇತಪ್ಪ. “ಡಂಗುರ ಕೇಳಿದ ನಾವ್ಯಾರೂ ಅಂಥದ್ದೇನೂ ನೋಡಿಲ್ಲ. ಸಾವಿರ ವರ್ಷ ನೆಲದಡಿ ಮಲಗಿದ್ದ ಈ ಕಲ್ಲುಗಳು ಮಾತ್ರ ಒಂಬತ್ತು ದಿನದ ಹಿಂದೆ ಎದ್ದು ಬಂದು, ಮಂಗಳಾರತಿ ತೆಗೆದುಕೊಂಡು, ನೋಡಿ ಹೋಗಿವೆ.”

ಧನಪಾಲ ತೊದಲಿದ. “ನಾನು... ಮೀಸೆ ಮೊದಲಿಂದಲೂ ಹಾಗೇ ಅಂದುಕೊಂಡೆ. ಆ ಡಂಗುರ ಬುಧವಾರವೂ ಒಂದು ಸಲ ಹೊಡೆಸಿದ್ದರೆ ಪೂರ್ತಿ ಮೀಸೆಯನ್ನೇ ಬೆಳೆಸುತ್ತಿದ್ದೆ.”

ದೊರೆಯ ತುಟಿ ನಡುಗಿತು. ಸಿಟ್ಟೆಂದು ಎಲ್ಲರೂ ಉಸಿರು ಹಿಡಿದರು. ಅದು ನಗು. ಅರ್ಧ ಮೀಸೆ ಕುಣಿಯುವ ಹಾಗೆ ನಕ್ಕ.

“ಕುಲುಮೆಯಲ್ಲಿ ಕುಡುಗೋಲು ಆಗುತ್ತೆ ಅಂದೆಯಲ್ಲ? ಕೊಯ್ಲು ಮುಗಿಯುವ ತನಕ ನಮ್ಮ ರೈತರಿಗೆ ಅದನ್ನೇ ಮಾಡಿಕೊಡು,” ಎಂದು ಧನಪಾಲನನ್ನು ಕಳಿಸಿದ. ಚೆನ್ನಮಲ್ಲಪ್ಪನ ಕಡೆ ತಿರುಗಿದ. “ತಕ್ಕಡಿಯೂ ಮನೆಯೂ ನಿನ್ನದೇ. ಬಳ್ಳಿಯೂ.” ಆಮೇಲೆ ವಜ್ರ ಹರಡಿದ್ದ ಬಟ್ಟೆಯ ಕಡೆ ಬೆರಳು ತೋರಿಸಿದ. “ಈ ಸುಳ್ಳು ಕಲ್ಲುಗಳನ್ನೆಲ್ಲ ಬಾವಿಗೆ ಎಸೆಯಿರಿ.”

“ಒಂದನ್ನಾದರೂ ಇಟ್ಟುಕೊಳ್ಳಿ, ಪ್ರಭು,” ಎಂದ ಕೇತಪ್ಪ. “ಈ ಒಂಬತ್ತು ದಿನದಲ್ಲಿ ನಿಮ್ಮ ಆಸ್ಥಾನದಲ್ಲಿ ಮೀಸೆಯ ವಿಷಯ ನಿಜ ಹೇಳಿದ್ದು ಅವಷ್ಟೇ.”