ಹೆಸರಿನ ಬುಟ್ಟಿ

“ಗುರುಗಳೇ, ಹಿರಿಯರು ಕಟ್ಟಿದ ಮನೆಯನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುವುದು ಮಕ್ಕಳ ಧರ್ಮವಲ್ಲವೇ?”

ಕೇಳಿದವನು ಅಡವಯ್ಯನೆಂಬ ಶಿಷ್ಯ. ಮನೆ ಬಿಟ್ಟು ಮಠ ಸೇರಿ ಅವನಿಗೆ ಬಹಳ ವರ್ಷಗಳಾಗಿದ್ದವು. ಆ ದಿನ ಬೆಳಿಗ್ಗೆ ಅವನ ಅಣ್ಣ ಊರಿನವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದ್ದ. ತಂದೆ ಕಟ್ಟಿಸಿದ ನಡುಗೋಡೆಯಿಂದಾಗಿ ಒಳಕೋಣೆಗೆ ಗಾಳಿಯಿಲ್ಲ, ಅದನ್ನು ತೆಗೆಸಬೇಕೆಂದಿದ್ದೇನೆ, ನಿನ್ನ ಒಪ್ಪಿಗೆ ಇಲ್ಲದೆ ಮುಟ್ಟುವುದಿಲ್ಲ ಎಂದು. ಅಡವಯ್ಯನಿಗೆ ಆ ಮಾತು ಎದೆಗೆ ಚುಚ್ಚಿತ್ತು. ಉತ್ತರ ಕೊಡದೆ ಗುರುಗಳ ಬಳಿ ಬಂದಿದ್ದ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನದು ಮಣ್ಣಿನ ಮಾಳಿಗೆಯ ಮನೆ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಕಟ್ಟಿಗೆ, ಸೊಪ್ಪು, ಅದರ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಆ ಸೀಮೆಯಲ್ಲಿ ಎಲ್ಲರ ಮನೆಗಳೂ ಹಾಗೆಯೇ ಇದ್ದವು. ಮಳೆಗಾಲಕ್ಕೆ ಮೊದಲು ಜನ ಮಾಳಿಗೆ ಹತ್ತಿ, ಸಡಿಲವಾದ ಹಳೆಯ ಮಣ್ಣನ್ನು ಕೆರೆದು ಇಳಿಸಿ, ಹೊಸ ಮಣ್ಣು ಹರಡಿ ತುಳಿಯುತ್ತಿದ್ದರು.

ರೈತನ ಮನೆಯಲ್ಲಿ ಮಾತ್ರ ಹಳೆಯ ಮಣ್ಣನ್ನು ಇಳಿಸುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಮನೆಯ ಹಿರಿಯರು ಯಾರಾದರೂ ತೀರಿಕೊಂಡರೆ ಆ ವರ್ಷ ಮಾಳಿಗೆಗೆ ಮೊದಲು ಬೀಳುವ ಮಣ್ಣು ಅವರದು. ಬುಟ್ಟಿ ತುಂಬಿ, ಅರಿಸಿನ ಕುಂಕುಮ ಹಚ್ಚಿ, ತೀರಿಕೊಂಡವರ ಹೆಸರು ಹೇಳಿ ಸುರಿಯುತ್ತಿದ್ದರು. ಅದನ್ನು ಹೆಸರಿನ ಬುಟ್ಟಿ ಎಂದು ಕರೆಯುತ್ತಿದ್ದರು. ಹೆಸರು ಹೇಳಿ ಹಾಕಿದ ಮಣ್ಣನ್ನು ಸಲಿಕೆಯಿಂದ ಎತ್ತಿ ಎಸೆಯುವುದು ಹೇಗೆ? ಹೀಗಾಗಿ ಹಳೆಯದರ ಮೇಲೆ ಹೊಸದನ್ನು ಹಾಕುತ್ತ ಬಂದರು. ಅಜ್ಜನ ಕಾಲದಲ್ಲಿ ಗೇಣು ದಪ್ಪವಿದ್ದ ಮಣ್ಣು ರೈತನ ಕಾಲಕ್ಕೆ ಮೊಣಕಾಲು ಮೀರಿತ್ತು.

ಈ ಕೆಲಸದಲ್ಲಿ ರೈತ ಎಂದೂ ಕೈ ಬಿಗಿ ಹಿಡಿದವನಲ್ಲ. ಬಿತ್ತನೆಯ ಹೊತ್ತು ತಪ್ಪಿದರೂ ಎತ್ತುಗಳನ್ನು ಮೊದಲು ಕೆರೆಯಂಗಳದಿಂದ ಮಣ್ಣು ತರಲು ಹೂಡುತ್ತಿದ್ದ. ಮಣ್ಣು ಹಾಕುವ ದಿನ ಬೇರೆ ಊರಲ್ಲಿದ್ದ ತಮ್ಮನೂ ದಾಯಾದಿಗಳೂ ಬಂದು, ಹೋಳಿಗೆ ಉಂಡು, ಮಾಳಿಗೆಯನ್ನು ಹೊಗಳಿ ಸಂಜೆಗೆ ಗಾಡಿ ಹತ್ತುತ್ತಿದ್ದರು. ಊರೆಲ್ಲ ಸೋರಿದರೂ ಆ ಮನೆ ಸೋರುತ್ತಿರಲಿಲ್ಲ. ಹೊರಗೆ ಮಳೆ ಬಂದರೆ ತನಗೆ ಒಳಗೆ ಸದ್ದೂ ಕೇಳುವುದಿಲ್ಲ ಎಂದು ರೈತ ಹೇಳಿಕೊಳ್ಳುತ್ತಿದ್ದ.

ಒಂದು ವರ್ಷ ನಡುತೊಲೆ ಬಾಗಿತು. ರೈತ ಅದರ ಕೆಳಗೆ ಒಂದು ಕಂಬ ನಿಲ್ಲಿಸಿದ. ಮುಂದೆ ಇನ್ನೊಂದು ತೊಲೆ ಬಾಗಿತು, ಇನ್ನೊಂದು ಕಂಬ ಬಂತು. ಬೀಸುಕಲ್ಲನ್ನು ಮೂಲೆಗೆ ಸರಿಸಿದರು. ಹಾಸಿಗೆಗಳು ಕಂಬಗಳ ಸಂದಿಯಲ್ಲಿ ಜಾಗ ಹುಡುಕಿಕೊಂಡವು. ಕತ್ತಲಲ್ಲಿ ಎದ್ದವರು ಹಣೆ ಬಡಿಸಿಕೊಂಡರು. ಬಂದ ನೆಂಟರು ಕಂಬಗಳನ್ನೂ ಹೊಗಳಿದರು.

ಹಿಟ್ಟಿಗೆ ಮಾಳಿಗೆಯ ಮಣ್ಣು ಉದುರಿದರೆ ರೈತನ ಹೆಂಡತಿ ಜರಡಿ ಹಿಡಿಯುತ್ತಿದ್ದಳು. ಹೊಗೆಯಿಂದ ಅವಳ ಕಣ್ಣು ಸದಾ ಕೆಂಪಾಗಿರುತ್ತಿದ್ದವು. ಒಂದು ಬೇಸಗೆ ಅವಳು ಕಾಯಿಲೆ ಬಿದ್ದಳು. ಸೊಸೆ ಆಗ ತುಂಬಿದ ಬಸುರಿ. ಬದುಕುವುದಿಲ್ಲವೆಂದು ತಿಳಿದಾಗ ಹೆಂಡತಿ ಗಂಡನನ್ನು ಹತ್ತಿರ ಕರೆದಳು.

“ಒಂದ ಮಾತು ನಡೆಸಿಕೊಡ್ರಿ. ನನ್ನ ಹೆಸರಿನ ಬುಟ್ಟಿ ಹಾಕಬ್ಯಾಡ್ರಿ.”

“ಹುಚ್ಚಿ, ಹಂಗ್ಯಾಕ ಅಂತಿ? ಈ ಮನಿ ಹಿರೇಸೊಸಿ ನೀ. ಎಲ್ಲಾರಕಿಂತ ದೊಡ್ಡ ಬುಟ್ಟಿ ನಿಂದು.”

“ಅದಕ್ಕ ಹೇಳಾಕತ್ತೀನಿ. ನಿಮ್ಮ ಮುತ್ಯಾ, ನಿಮ್ಮಪ್ಪ, ನಿಮ್ಮವ್ವ, ಎಲ್ಲಾರ ಕೆಳಗೂ ನಾ ಮಲಗೀನಿ. ನನ್ನ ಕೆಳಗ ಆ ಹುಡುಗಿ ಮಲಗೂದು ಬ್ಯಾಡ.”

ರೈತ ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅವಳು ತೀರಿಕೊಂಡಳು.

ಮಣ್ಣು ಹಾಕುವ ದಿನ ಬಂತು. ಹೆಂಡತಿಯ ಮಾತನ್ನು ರೈತ ಯಾರಿಗೂ ಹೇಳಿರಲಿಲ್ಲ. ಬುಟ್ಟಿ ಹಾಕಿದರೆ ಅವಳ ಕೊನೆಯ ಮಾತು ಮೀರಿದಂತೆ. ಹಾಕದಿದ್ದರೆ ಬಾಳಿಡೀ ದುಡಿದವಳಿಗೆ ಮನೆಯಲ್ಲಿ ಹೆಸರಿಲ್ಲದಂತೆ. ತಮ್ಮನೇ ಮುಂದೆ ನಿಂತು ದೊಡ್ಡ ಬುಟ್ಟಿ ತುಂಬಿಸಿ, ಕುಂಕುಮ ಹಚ್ಚಿ ಅಣ್ಣನ ತಲೆಗೆ ಏರಿಸಿದ. ರೈತ ಏಣಿ ಹತ್ತಿದ.

ಮಾಳಿಗೆಯ ನಡುವೆ ಹೋಗಿ ನಿಂತಾಗ ಕಾಲಡಿಯ ತೊಲೆ ನರಳಿದ ಹಾಗಾಯಿತು. ಆ ಸದ್ದಿಗೆ ಕೆಳಗೆ ಮಲಗಿದ್ದ ಸೊಸೆ ಹೆದರಿ, ಹೊಟ್ಟೆ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಮಾವನ ಕಡೆ ಒಮ್ಮೆ ನೋಡಿ, ಅಲ್ಲೇ ನಿಂತಳು.

ರೈತ ಬುಟ್ಟಿ ಸುರಿಯಲಿಲ್ಲ. ತಮ್ಮ ಕೆಳಗಿನಿಂದ ನಗೆಯಾಡಿದ.

“ಏನಣ್ಣಾ, ತೂಕಾ ನೋಡಾಕತ್ತಿ ಏನು? ವೈನಿಗೆ ಒಂದ ಬುಟ್ಟಿ ಮಣ್ಣು ಕೊಡಾಕೂ ಜಿಪುಣತನಾ?”

ನೆರೆದವರು ನಕ್ಕರು. ರೈತ ಏಣಿಯ ತನಕ ಬಂದು ತುಂಬಿದ ಬುಟ್ಟಿಯನ್ನು ಕೆಳಗೆ ಇಳಿಸಿ, ಗುದ್ದಲಿ ಕೇಳಿದ. ಹಳೆಯ ಮಣ್ಣು ಇಳಿಸಲೆಂದು ತಿಳಿದಾಗ ತಮ್ಮನ ಮುಖ ಕಪ್ಪಿಟ್ಟಿತು.

“ನಮ್ಮಪ್ಪ ಅದಾನ ಅಲ್ಲಿ.”

“ಅದಾನ,” ಎಂದ ರೈತ. “ಇಳಸಾಕ ಬಾ.”

ತಮ್ಮ ಬರಲಿಲ್ಲ. ಊಟಕ್ಕೆ ಹಾಕಿದ ಎಲೆ ಬಿಟ್ಟು ಗಾಡಿ ಕಟ್ಟಿಸಿದ. ದಾಯಾದಿಗಳೂ ಅವನ ಹಿಂದೆಯೇ ಹೋದರು. ಮಾಡಿದ ಹೋಳಿಗೆ ಹಾಗೆಯೇ ಉಳಿಯಿತು. ರೈತ ಮಗನನ್ನು ಕರೆದುಕೊಂಡು ಅಗೆಯಲು ತೊಡಗಿದ.

ಮಣ್ಣು ಪದರು ಪದರಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಂಗೈ ಒಡೆದು ರಕ್ತ ಬಂತು. ತಾಯಿಯದೆಂದು ಗುರುತಿದ್ದ ಜಾಗಕ್ಕೆ ಬಂದಾಗ ರೈತ ಗುದ್ದಲಿ ಇಟ್ಟು ಕೈಯಿಂದ ತೆಗೆದ. ಮುಂದೆ ಒಂದು ಕಡೆ ಗುದ್ದಲಿ ಠಣ್ ಎಂದಿತು. ಮಣ್ಣು ಸರಿಸಿ ನೋಡಿದರೆ ಒಂದು ಚಪ್ಪಡಿ. ಅದನ್ನು ಇಟ್ಟವನು ತಾನೇ ಎಂದು ರೈತನಿಗೆ ನೆನಪಾಯಿತು. ಅಲ್ಲಿ ಮನೆಯ ಬೆಳಕಿಂಡಿ ಇತ್ತು. ಸುತ್ತಲ ಮಣ್ಣು ಅದಕ್ಕಿಂತ ಎತ್ತರವಾಗಿ ನೀರು ಒಳಗೆ ಇಳಿಯತೊಡಗಿದಾಗ, ಹರೆಯದಲ್ಲಿ ಅವನೇ ಅದನ್ನು ಮುಚ್ಚಿದ್ದ.

ಚಪ್ಪಡಿ ಎತ್ತಿದ. ಬಿಸಿಲು ನೇರವಾಗಿ ಒಲೆಯ ಮುಂದೆ ಬಿತ್ತು. ಅಲ್ಲಿದ್ದ ಸೊಸೆ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಈ ಮನೆಗೆ ಬೆಳಕಿಂಡಿ ಇದೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳ ಅತ್ತೆಗೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಆ ಬೆಳಕಿನಲ್ಲಿ ರೊಟ್ಟಿ ತಟ್ಟಿದ್ದಳು. ಉಳಿದ ಆಯುಷ್ಯವೆಲ್ಲ ಹೊಗೆಯಲ್ಲಿ ತಟ್ಟಿದಳು. ಅವಳು ಹೇಳಿರಲಿಲ್ಲ. ಅವನು ಕೇಳಿರಲಿಲ್ಲ. ರೈತ ಕಿಂಡಿಯ ಅಂಚಿನಲ್ಲಿ ಬಹಳ ಹೊತ್ತು ಕುಳಿತ. ಮಗ ಊಟಕ್ಕೆ ಕರೆದರೂ ಇಳಿಯಲಿಲ್ಲ.

ಹೊಲದ ಬೇವಿನ ಮರ ಕಡಿದು ನಡುತೊಲೆ ಬದಲಾಯಿಸಿದರು. ಮೇಲೆ ಗೇಣು ದಪ್ಪ ಮಣ್ಣು ಹರಡಿದರು. ಕಂಬಗಳು ಒಂದೊಂದಾಗಿ ಹೊರಗೆ ಹೋದವು. ಹೆಂಡತಿಯ ಹೆಸರಿನಲ್ಲಿ ರೈತ ಬುಟ್ಟಿ ಹಾಕಲಿಲ್ಲ.

ಆ ಮಳೆಗಾಲದಲ್ಲಿ ಮನೆ ಸೋರಿತು. ತೆಳ್ಳಗಿನ ಮಾಳಿಗೆಗೆ ಕಾವಲು ಬೇಕು. ಮಳೆ ಹಿಡಿದಾಗಲೆಲ್ಲ ರೈತ ಕಂಬಳಿ ಕೊಪ್ಪೆ ಹಾಕಿಕೊಂಡು ಮೇಲೆ ಹತ್ತಿ, ಬಿರುಕು ಹುಡುಕಿ ತುಳಿಯಬೇಕಾಗುತ್ತಿತ್ತು. ಅವನ ಮೊಣಕಾಲು ಹಿಡಿದುಕೊಂಡವು. ಹೆಂಡತಿ ಸತ್ತ ದುಃಖಕ್ಕೆ ಬುದ್ಧಿ ಕೆಟ್ಟು ಹೆತ್ತವರನ್ನು ಬೀದಿಗೆ ಹಾಕಿದ, ಆ ಮಣ್ಣನ್ನು ಎಲ್ಲಿ ಎಸೆದನೋ ಎಂದು ಅವನ ತಮ್ಮ ಮದುವೆ ಮುಂಜಿಗಳಲ್ಲಿ ಹೇಳಿಕೊಂಡು ತಿರುಗಿದ. ನೆಂಟರು ಬರುವುದನ್ನು ಬಿಟ್ಟರು. ಮಾಳಿಗೆಯನ್ನು ಹೊಗಳುವವರು ಯಾರೂ ಉಳಿಯಲಿಲ್ಲ. ಸೊಸೆ ಹೆತ್ತಳು. ತೊಟ್ಟಿಲನ್ನು ಹೊಸ ತೊಲೆಗೆ ಕಟ್ಟಿದರು. ಮಳೆಯ ಸದ್ದಿಗೆ ಕೂಸು ಎಚ್ಚರಾಗಿ, ಕೇಳುತ್ತ ಕೇಳುತ್ತ ಮತ್ತೆ ಮಲಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯನಿಗೆ ಸಮಾಧಾನವಾಗಲಿಲ್ಲ.

“ಗುರುಗಳೇ, ಕಂಬ ಹೋಯಿತು, ಬೆಳಕು ಬಂತು, ಒಪ್ಪುತ್ತೇನೆ. ಆದರೆ ಅದು ಅಜ್ಜನ, ತಂದೆಯ, ತಾಯಿಯ ಹೆಸರಿನ ಮಣ್ಣು. ಇಳಿಸಿದ ಮೇಲೆ ಆ ರೈತ ಅದನ್ನು ಎಲ್ಲಿ ಹಾಕಿದ?”

“ಊಟ ಬಿಟ್ಟು ಎದ್ದುಹೋದ ತಮ್ಮನೂ ಇದನ್ನೇ ಕೇಳಿದ, ಅಡವಯ್ಯ, ಆ ಮಾಳಿಗೆಯ ಕೆಳಗೆ ಮಲಗುವವರು ಯಾರೂ ಕೇಳಲಿಲ್ಲ.”

ಅಡವಯ್ಯ ಎದ್ದು, ಅಣ್ಣ ಕಳಿಸಿದ್ದ ಊರಿನವನ ಕೈಯಲ್ಲಿ ಒಪ್ಪಿಗೆ ಹೇಳಿ ಕಳಿಸಲು ಹೋದ.