ಎಂಟು ಅಂಗಳದ ಕೆಮ್ಮು

"ಬುದ್ಧಿ, ನನ್ನ ಕೈಕೆಳಗೆ ದುಡಿಯುವವರನ್ನು ನಾನು ಚೆನ್ನಾಗಿ ನೋಡಿಕೊಂಡರೆ ಸಾಲದೇ? ಊರಿನವರ ಕೈಕೆಳಗಿನವರನ್ನೂ ನಾನೇ ನೋಡಬೇಕೇ?"

ಕೇಳಿದವನು ಮುರಿಗೆಪ್ಪ. ಮಠದ ಮಗ್ಗದ ಮನೆ ಅವನ ಉಸ್ತುವಾರಿಯಲ್ಲಿತ್ತು. ಹನ್ನೆರಡು ಮಂದಿ ನೇಕಾರರು ಅಲ್ಲಿ ದುಡಿಯುತ್ತಿದ್ದರು. ಆ ವಾರ ನೇಕಾರರ ಓಣಿಯಲ್ಲಿ ವಾಂತಿಭೇದಿ ಹಬ್ಬಿತ್ತು. ಮುರಿಗೆಪ್ಪ ತಡ ಮಾಡಲಿಲ್ಲ. ಮಗ್ಗದ ಮನೆಯ ಹಿತ್ತಿಲಲ್ಲಿ ಒಲೆ ಹೂಡಿದ. ದಿನವೂ ನೀರು ಕುದಿಸಿ, ಆರಿಸಿ, ತನ್ನ ನೇಕಾರರಿಗೆ ಕುಡಿಸಿದ. ಊರಿನಲ್ಲಿ ಇನ್ನೂ ನಾಲ್ಕು ಮಗ್ಗದ ಮನೆಗಳಿದ್ದವು. ಅವುಗಳ ಒಡೆಯರು ಆ ಬೆಳಿಗ್ಗೆ ಹೇಳಿಕಳಿಸಿದ್ದರು. ಐದೂ ಮನೆಯವರು ಕೂಡಿ ಓಣಿಯ ಬಾವಿಯ ಹೂಳು ತೆಗೆಸೋಣ, ನೀವೂ ಬನ್ನಿ ಎಂದು. ಮುರಿಗೆಪ್ಪನಿಗೆ ಮನಸ್ಸಿರಲಿಲ್ಲ. ಬಾವಿ ಮಠದ್ದಲ್ಲ. ನನ್ನವರಿಗೆ ನಾನು ಮಾಡಿದ್ದೇನೆ, ಅವರವರಿಗೆ ಅವರವರು ಮಾಡಿಕೊಳ್ಳಲಿ ಎಂದುಕೊಂಡ. ಹಾಗೆಂದುಕೊಂಡ ಮೇಲೂ ಒಳಗೆ ಏನೋ ಒಂದು ಎಳೆ ಸಿಕ್ಕಾಗಿಯೇ ಉಳಿಯಿತು. ಅದೇನೆಂದು ತಿಳಿಯಲು ಮಠದ ಗುರುಗಳ ಬಳಿ ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತುಕೋ" ಎಂದರು. ಅವನು ಕೂತ ಮೇಲೆ ಕತೆ ಹೇಳಿದರು.

ಒಂದು ಪೇಟೆ. ಪೇಟೆಗೆ ಒಂದೇ ಬೀದಿ. ಬೀದಿಯಲ್ಲಿ ಎಂಟು ಅಂಗಳ, ಎಂಟು ಅಂಗಳಕ್ಕೆ ಎಂಟು ಜನ ವರ್ತಕರು. ಎಲ್ಲರದೂ ಒಣಮೆಣಸಿನಕಾಯಿ ವ್ಯಾಪಾರ. ಸುಗ್ಗಿ ಬಂತೆಂದರೆ ಹಳ್ಳಿಗಳಿಂದ ಗಾಡಿಗಳು ಬರುತ್ತಿದ್ದವು. ಅಂಗಳದಲ್ಲಿ ರಾಶಿ ಬೀಳುತ್ತಿತ್ತು. ಹೆಂಗಸರು ರಾಶಿಯ ಸುತ್ತ ಕೂತು ತೊಟ್ಟು ಬಿಡಿಸುತ್ತಿದ್ದರು. ಎಲ್ಲಿ ರಾಶಿಯೋ ಅಲ್ಲಿ ಅವರ ಕೂಲಿ. ಇಂದು ಈ ಅಂಗಳ, ನಾಳೆ ಆ ಅಂಗಳ.

ಒಣಗಿದ ಕಾಯಿಯ ತೊಟ್ಟು ಮುರಿದರೆ ದೂಳೇಳುತ್ತದೆ. ಆ ದೂಳು ಬರೀ ಘಾಟು. ಹೆಂಗಸರು ಸೆರಗನ್ನು ಮೂಗಿಗೆ ಬಿಗಿದುಕೊಂಡು ಕೆಮ್ಮುತ್ತಿದ್ದರು. ಗೋಡೆ ಹಾರಿದ ಘಾಟಿಗೆ ಬೀದಿಯ ಮನೆಗಳಲ್ಲಿ ಮಕ್ಕಳು ಕೆಮ್ಮುತ್ತಿದ್ದವು, ಮುದುಕರು ಕೆಮ್ಮುತ್ತಿದ್ದರು. ಆ ಪೇಟೆಗೆ ಹೋಗುವವರು ದಾರಿ ಕೇಳಬೇಕಾಗಿರಲಿಲ್ಲ. ಕೆಮ್ಮು ಕೇಳಿಸಿತೆಂದರೆ ಪೇಟೆ ಬಂತು.

ಎಂಟು ಜನರಲ್ಲಿ ಒಬ್ಬ ವರ್ತಕ ಮೆತ್ತನೆಯ ಮನಸ್ಸಿನವನು. ಅವನ ಮದುವೆಯಲ್ಲಿ ಫಕ್ಕೀರವ್ವ ಎಂಬ ಕೂಲಿ ಹೆಂಗಸು ಸೋಬಾನೆ ಹಾಡಿದ್ದಳು. ಆಕೆ ದನಿ ಎತ್ತಿದರೆ ದಾರಿಹೋಕರು ತಲೆಯ ಮೇಲಿನ ಹೊರೆ ಇಳಿಸಿ ನಿಲ್ಲುತ್ತಿದ್ದರಂತೆ. ಈಗ ವರ್ತಕನ ಮಗಳಿಗೆ ಮದುವೆ ಗೊತ್ತಾಗಿತ್ತು. ಸುಗ್ಗಿ ಮುಗಿದ ಮೇಲೆ ಲಗ್ನ. ಆ ಲಗ್ನಕ್ಕೂ ಫಕ್ಕೀರವ್ವನೇ ಹಾಡಬೇಕೆಂದು ಅವನ ಆಸೆ. ಆದರೆ ಇಪ್ಪತ್ತು ಸುಗ್ಗಿ ರಾಶಿಯ ಮುಂದೆ ಕೂತು ಫಕ್ಕೀರವ್ವನ ಎದೆ ಒಣಗಿತ್ತು. ಒಂದು ಮಾತಿಗೆ ಎರಡು ಕೆಮ್ಮು.

ವರ್ತಕ ತನ್ನ ಅಂಗಳಕ್ಕೆ ಬಂದ ಹೆಂಗಸರಿಗೆಲ್ಲ ಸಂಜೆ ಒಂದೊಂದು ಉಂಡೆ ಬೆಲ್ಲ ಕೊಡತೊಡಗಿದ. ಗಂಟಲಿಗೆ ಹಿತವೆಂದು. ಅದನ್ನು ಕಂಡು ಪಕ್ಕದ ಅಂಗಳದವನು ಮಜ್ಜಿಗೆ ಕೊಟ್ಟ. ಅದರಾಚೆಯವನು ಮಜ್ಜಿಗೆಗೆ ಶುಂಠಿ ಅರೆಸಿ ಹಾಕಿಸಿದ. ಹೆಂಗಸರು ಬೆಲ್ಲ ತಿಂದರು, ಮಜ್ಜಿಗೆ ಕುಡಿದರು, ಮತ್ತೆ ಕೆಮ್ಮಿದರು.

"ಯಾಕಬೇ ಫಕ್ಕೀರವ್ವ, ಬೆಲ್ಲ ಚಲೋ ಇಲ್ಲೇನು?" ಎಂದು ವರ್ತಕ ಕೇಳಿದ.

"ಬೆಲ್ಲ ಭಾರಿ ಚಲೋ ಐತ್ರಿ ಸಾವಕಾರ್ರ. ಕೆಮ್ಮಿಗೂ ಅದರ ರುಚಿ ಹತ್ತೈತಿ. ಬಿಟ್ಟು ಹೋಗವಲ್ದು."

ಹೆಂಗಸರು ನಕ್ಕರು. ನಗು ಕೆಮ್ಮಾಯಿತು. ವರ್ತಕ ಮಾತ್ರ ನಗಲಿಲ್ಲ. ಬೆಲ್ಲಕ್ಕೆ ಹೋಗದ ಕೆಮ್ಮು ಯಾವುದಕ್ಕೆ ಹೋದೀತು ಎಂದು ಅವನಿಗೆ ಕುತೂಹಲ ಹತ್ತಿತು. ಅಂಗಳದ ಜಗಲಿಯ ಮೇಲೆ ಕೂತು ನೋಡತೊಡಗಿದ.

ತನ್ನಲ್ಲಿ ರಾಶಿ ಬಿದ್ದ ಮೂರು ದಿನ ನೋಡಿದ. ನಲವತ್ತು ಹೆಂಗಸರಲ್ಲಿ ಒಬ್ಬಳು ಮಾತ್ರ ಕೆಮ್ಮುತ್ತಿರಲಿಲ್ಲ. ಆಕೆ ಆ ವರ್ಷ ಪೇಟೆಗೆ ಬಂದ ಹೊಸ ಸೊಸೆ. ಅವಳ ತೋಳಿನಲ್ಲಿ ತವರಿನ ತಾಯಿತವಿದೆ, ಅದರ ಮಹಿಮೆ ಎಂದು ಉಳಿದವರು ಹೇಳಿದರು. ಇಬ್ಬರು ಆಗಲೇ ಅಂಥದೇ ತಾಯಿತ ತರಿಸಿ ಕಟ್ಟಿಕೊಂಡಿದ್ದರು. ಕಟ್ಟಿಕೊಂಡೂ ಕೆಮ್ಮುತ್ತಿದ್ದರು. ವರ್ತಕ ತಾಯಿತವನ್ನು ಬಿಟ್ಟು ಅವಳು ಕೂತ ಜಾಗ ನೋಡಿದ. ದಿನವೂ ಅದೇ ಜಾಗ. ಕುಡಿಯುವ ನೀರಿನ ಹರವಿಯ ಪಕ್ಕ. ಹರವಿ ಹಳೆಯದು, ಬುಡದಲ್ಲಿ ಜಿನುಗುತ್ತಿತ್ತು. ಅಲ್ಲಿಯ ಕಾಯಿಗಳು ಅಷ್ಟಿಷ್ಟು ತೇವವಾಗಿ, ತೊಟ್ಟು ಮುರಿದರೂ ದೂಳೇಳುತ್ತಿರಲಿಲ್ಲ.

ಮತ್ತೆ ರಾಶಿ ಬಿದ್ದ ದಿನ ಅವನು ಹರವಿಯನ್ನು ಎತ್ತಿಸಿ ಆಚೆ ಬದಿಗೆ, ಫಕ್ಕೀರವ್ವ ಕೂರುವಲ್ಲಿ ಇರಿಸಿದ. ಆ ದಿನ ಹೊಸ ಸೊಸೆ ತಾಯಿತದ ಸಮೇತ ಕೆಮ್ಮಿದಳು. ಫಕ್ಕೀರವ್ವ ಮಧ್ಯಾಹ್ನದವರೆಗೆ ಸುಮ್ಮನಿದ್ದಳು. ಆಮೇಲೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಒಂದು ಹಾಡಿನ ಸೊಲ್ಲು ಗುನುಗಿದಳು. ವರ್ತಕನಿಗೆ ಕೇಳಿಸಿತು.

ಮದ್ದು ಸಿಕ್ಕಿತು. ಆದರೆ ಆ ಮದ್ದಿನ ಮೇಲೆ ಒಂದು ಆಣೆಯಿತ್ತು.

ಅವರ ಅಜ್ಜಂದಿರ ಕಾಲದಲ್ಲಿ ಯಾರೋ ಒಬ್ಬ ತೂಕ ಹೆಚ್ಚಲೆಂದು ರಾಶಿಗೆ ನೀರು ಹಾಕಿ ಮಾರಿದ್ದ. ದೂರದೂರಿಗೆ ಹೋದ ಗಾಡಿಗಳಲ್ಲಿ ಕಾಯಿ ಬೂಷ್ಟು ಹಿಡಿದು ಪೇಟೆಯ ಹೆಸರು ಕೆಟ್ಟಿತ್ತು. ಅಂದು ಎಂಟೂ ಮನೆಯವರು ಆಣೆ ಇಟ್ಟರು. ರಾಶಿಗೆ ನೀರು ತಾಗಿಸಿದವನ ತಕ್ಕಡಿಯನ್ನು ಅವನ ಹೊಸ್ತಿಲ ಮೇಲೆ ಬೋರಲು ಹಾಕಬೇಕು. ಬೋರಲು ಬಿದ್ದ ತಕ್ಕಡಿಯನ್ನು ದಾಟಿ ಕೊಳ್ಳುವವನೂ ಬರುವುದಿಲ್ಲ, ಮಾರುವವನೂ ಬರುವುದಿಲ್ಲ, ಕೂಲಿಯೂ ಬರುವುದಿಲ್ಲ.

ವರ್ತಕ ಯೋಚಿಸಿದ. ನಸುಕಿನಲ್ಲಿ ನೀರು ಚಿಮುಕಿಸಿ, ತೊಟ್ಟು ಬಿಡಿಸಿ, ಎರಡು ಬಿಸಿಲು ಕೊಟ್ಟರೆ ಕಾಯಿ ಮೊದಲಿನ ಹಾಗೇ ಒಣಗುತ್ತದೆ. ತೂಕ ಏರುವುದಿಲ್ಲ. ಇದನ್ನು ಏಳು ಜನರಿಗೆ ಹೇಳಬಹುದಿತ್ತು. ಆದರೆ ನಂಬದೇ ಹೋದರೆ? ಇನ್ನೊಂದು ಯೋಚನೆಯೂ ಬಂತು. ನಂಬಿಬಿಟ್ಟರೆ? ಆಗ ಅವರೂ ಚಿಮುಕಿಸುತ್ತಾರೆ. ಚುರುಕು ಕೈಯ ಹೆಂಗಸರು ನನ್ನ ಅಂಗಳವನ್ನೇ ಯಾಕೆ ಹುಡುಕಿಕೊಂಡು ಬಂದಾರು? ಈ ಎರಡನೆಯ ಯೋಚನೆಯನ್ನು ಅವನು ತನ್ನೊಳಗೂ ಗಟ್ಟಿಯಾಗಿ ಹೇಳಿಕೊಳ್ಳಲಿಲ್ಲ. ಅಂಗಳದ ಕದ ಹಾಕಿದ. ನೀರು ಚಿಮುಕಿಸಿದ.

ಅವನ ಅಂಗಳದಲ್ಲಿ ಕೆಮ್ಮು ನಿಂತಿತು. ಆದರೆ ಫಕ್ಕೀರವ್ವ ಪ್ರತಿ ಸಲವೂ ಕೆಮ್ಮುತ್ತಲೇ ಒಳಗೆ ಬರುತ್ತಿದ್ದಳು. ಸಂಜೆಗೆ ಸುಧಾರಿಸಿಕೊಂಡು ಹೋದವಳು ಎರಡು ದಿನ ಬಿಟ್ಟು ಮತ್ತೆ ಕೆಮ್ಮುತ್ತ ಬರುತ್ತಿದ್ದಳು. ಇದೇಕೆಂದು ವರ್ತಕ ಕೇಳಿದ.

"ನಿಮ್ಮ ಅಂಗಳದಾಗ ಬಿಟ್ಟುಹೋದ ಕೆಮ್ಮು ಬಾಜೂದ ಅಂಗಳದಾಗ ನನ್ನ ದಾರಿ ಕಾಯ್ಕೋತ ಕುಂತಿರತೈತ್ರಿ."

"ಹಂಗಾದರ ಇಲ್ಲಿಗಷ್ಟ ಬಾ."

"ನಿಮ್ಮಲ್ಲಿ ದಿನಾ ರಾಶಿ ಬೀಳತೈತೇನ್ರಿ? ವಾರಕ್ಕ ಎರಡು ದಿನ. ಉಳದ ದಿನ ಹೊಟ್ಟಿಗೆ ನಿಮ್ಮ ಬೆಲ್ಲ ಕಟ್ಟಿಕೊಳ್ಳಲೇನು?"

ವರ್ತಕ ಆ ಸಂಜೆ ಅವಳಿಗೆ ಎರಡು ಉಂಡೆ ಬೆಲ್ಲ ಕೊಟ್ಟ. ಕದವನ್ನು ಮಾತ್ರ ತೆರೆಯಲಿಲ್ಲ.

ಕದ ತೆರೆಸಿದ್ದು ಹಾಡು. ಉಸಿರು ಹಗುರಾದ ಹೆಂಗಸರು ಒಂದು ಬೆಳಿಗ್ಗೆ ಕೆಲಸದ ನಡುವೆ ಹಾಡತೊಡಗಿದರು. ಆ ಬೀದಿಯಲ್ಲಿ ಸುಗ್ಗಿಯ ಕಾಲಕ್ಕೆ ಹಾಡು ಕೇಳಿದವರು ಯಾರೂ ಇರಲಿಲ್ಲ. ಏಳೂ ಜನ ವರ್ತಕರು ಬಂದು ಕದ ನೂಕಿದರು. ಒಳಗೆ ರಾಶಿ ಹಸಿಯಾಗಿತ್ತು.

ಎಲ್ಲರಿಗಿಂತ ಹಿರಿಯ ವರ್ತಕ ಒಂದು ಕಾಯಿ ಎತ್ತಿ ಬೆರಳಲ್ಲಿ ಒತ್ತಿ ನೋಡಿದ. "ಏನಪಾ, ಮೆಣಸಿನಕಾಯಿಗೆ ನೀರಡಿಕಿ ಆಗಿತ್ತೇನು?"

"ತೂಕಕ್ಕಲ್ಲ ಕಾಕಾ, ಕೆಮ್ಮಿಗೆ."

"ಕೆಮ್ಮಿಗೆ ಹಾಕೋ ನೀರಾದರ ಕದಾ ಯಾಕ ಹಾಕ್ಕೊಂಡಿ?"

ವರ್ತಕ ಬಾಯಿ ತೆರೆದ. ಹೇಳಬೇಕಾದ ಮಾತು ಆ ಎರಡನೆಯ ಯೋಚನೆಯ ಹಿಂದೆ ಸಿಕ್ಕಿಕೊಂಡಿತ್ತು. ಬಾಯಿ ಮುಚ್ಚಿದ.

ತಕ್ಕಡಿ ಬೋರಲು ಬಿತ್ತು. ಒಂದು ತಿಂಗಳು. ಅವನ ಹೆಂಗಸರು ಉಳಿದ ಏಳು ಅಂಗಳಗಳಿಗೆ ಹೋದರು, ಒಣ ರಾಶಿಯ ಮುಂದೆ ಕೂತರು. ವರ್ತಕ ತನ್ನ ಬರಿದಾದ ಅಂಗಳದಲ್ಲಿ ಕೂತು ಗೋಡೆಯಾಚೆಯ ಕೆಮ್ಮು ಕೇಳಿದ. ಅದರಲ್ಲಿ ಫಕ್ಕೀರವ್ವನದು ಯಾವುದೆಂದು ಗುರುತು ಹಿಡಿಯುವಷ್ಟು ಕೇಳಿದ.

ತಿಂಗಳು ಮುಗಿದ ದಿನ ಅವನು ತಕ್ಕಡಿ ಎತ್ತಿಡಲಿಲ್ಲ. ನೇರ ಹಿರಿಯ ವರ್ತಕನ ಕಟ್ಟೆಗೆ ಹೋದ. ಏಳೂ ಜನ ಅಲ್ಲಿದ್ದರು.

"ನಾ ತಪ್ಪು ಮಾಡೇನಿ," ಎಂದ. "ನೀರು ಹಾಕಿದ್ದಲ್ಲ, ಕದಾ ಹಾಕಿದ್ದು. ನನಗೊಂದು ದಿನ ಕೊಡ್ರಿ. ಎಂಟೂ ಅಂಗಳಕ್ಕ ನೀರು ಚಿಮುಕಿಸೂಣು. ಎಂಟೂ ಕದಾ ತಗದಿರಲಿ. ನೀರು ಹಾಕೋಕ್ಕಿಂತ ಮೊದಲ ನನ್ನ ರಾಶಿ ನೀವು ತೂಗ್ರಿ, ನಿಮ್ಮದು ಅವರು ತೂಗಲಿ. ಎರಡು ಬಿಸಲು ಆದಮ್ಯಾಲ ಮತ್ತ ತೂಗ್ರಿ. ಏರಿದ್ದರ ನನ್ನ ತಕ್ಕಡಿ ಮುರದು ಒಲಿಗೆ ಹಾಕ್ರಿ."

ಅವರು ಒಪ್ಪಿದರು. ಕರುಣೆಯಿಂದ ಒಪ್ಪಿದರೆಂದು ಹೇಳಲಾರೆ. ಒಂದು ತಿಂಗಳು ಬಾಗಿಲು ಬೀಳಿಸಿಕೊಂಡವನು ಮತ್ತೆ ಅದೇ ನೀರಿನ ಮಾತಾಡುತ್ತಾನಲ್ಲ, ಅದರಲ್ಲಿ ಏನಿದೆ ಎಂದು ಅವರಿಗೂ ಕುತೂಹಲ.

ಆ ದಿನ ಎಂಟು ಕದಗಳು ತೆರೆದಿದ್ದವು. ಹೆಂಗಸರು ಕೂತರು, ತೊಟ್ಟು ಮುರಿದರು. ಹೊತ್ತು ಏರಿತು. ಹಿರಿಯ ವರ್ತಕ ಕಟ್ಟೆಯ ಮೇಲೆ ಕಿವಿಗೊಟ್ಟು ಕೂತಿದ್ದ. ಅವನ ಮುಖದಲ್ಲಿ ಗೊಂದಲ.

"ಅದೇನಲೇ ಕಿರ್ರ್ ಅಂತ ಸಪ್ಪಳ?"

"ಬೀದಿ ತುದ್ಯಾಗಿನ ಗಾಣ, ಕಾಕಾ," ಎಂದ ವರ್ತಕ.

"ಯಾವಾಗ ಹಾಕ್ಯಾರ?"

"ನೀವು ಹುಟ್ಟೋಕ್ಕಿಂತ ಮೊದಲ."

ಕೆಮ್ಮಿನ ಸದ್ದಿನಲ್ಲಿ ಹಿರಿಯ ವರ್ತಕನಿಗೆ ಅದು ಅದುವರೆಗೆ ಕೇಳಿಸಿರಲೇ ಇಲ್ಲ. ಒಳಮನೆಯಲ್ಲಿ ಅವನ ಮೊಮ್ಮಗು ತೊಟ್ಟಿಲಲ್ಲಿ ಮಲಗಿತ್ತು. ಒಮ್ಮೆಯೂ ಕೆಮ್ಮಿ ಏಳಲಿಲ್ಲ. ಮಗುವಿಗೆ ದೃಷ್ಟಿಯಾಗಿದೆ ಎಂದು ಅವರು ಅದುವರೆಗೆ ದಿನವೂ ನಿವಾಳಿಸುತ್ತಿದ್ದರು.

ಎರಡು ಬಿಸಿಲು ಕಳೆದವು. ತೊಟ್ಟನ್ನೂ ಕಾಯನ್ನೂ ಕೂಡಿಸಿ ತೂಗಿದರು. ಒಬ್ಬರ ರಾಶಿಯನ್ನು ಇನ್ನೊಬ್ಬರು ತೂಗಿದರು. ತಕ್ಕಡಿಯ ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲಿಯೇ ನಿಂತಿತು. ಎಂಟು ಜನ ಹೊಸ ಆಣೆ ಇಟ್ಟರು. ಇನ್ನು ಮುಂದೆ ಒಣ ರಾಶಿಯ ಮುಂದೆ ಹೆಂಗಸರನ್ನು ಕೂರಿಸಿದವನ ತಕ್ಕಡಿ ಬೋರಲು. ನೀರು ಅದೇ. ಅಜ್ಜಂದಿರ ಕಾಲದಲ್ಲಿ ಅದು ಮೋಸವಾಗಿತ್ತು, ಒಬ್ಬನು ಕದ ಹಾಕಿಕೊಂಡು ಮಾಡಿದಾಗಲೂ ಮೋಸದಂತೆಯೇ ಕಂಡಿತು. ಎಂಟು ಜನ ಕದ ತೆರೆದು ಮಾಡಿದಾಗ ಅದೇ ಪೇಟೆಯ ನಡೆಯಾಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪ ಕಾದ. ಅವನಿಗೆ ಆಣೆಗಿಂತ ಬೇರೊಂದು ತಿಳಿಯಬೇಕಿತ್ತು.

"ಮದುವೆಯಲ್ಲಿ ಫಕ್ಕೀರವ್ವ ಹಾಡಿದಳೇ ಬುದ್ಧಿ?"

"ಎಲ್ಲರಿಗಿಂತ ಮೊದಲು ಬಂದು ಕೂತಳು," ಎಂದರು ಗುರುಗಳು. "ಮೊದಲ ಸೊಲ್ಲು ಹಾಡಿದಳು. ಬೀದಿಯಲ್ಲಿ ಹೋಗುವವರು ನಿಂತರು. ಎರಡನೆಯ ಸೊಲ್ಲಿಗೆ ಕೆಮ್ಮು ಬಂತು. ಆ ಸೊಲ್ಲನ್ನು ಹೊಸ ಸೊಸೆ ಎತ್ತಿಕೊಂಡಳು, ಉಳಿದ ಹೆಂಗಸರು ಕೂಡಿಕೊಂಡರು. ಹಾಡು ನಿಲ್ಲಲಿಲ್ಲ. ಫಕ್ಕೀರವ್ವ ಕೊನೆಯವರೆಗೆ ಚಪ್ಪಾಳೆ ಹಾಕುತ್ತ ಕೂತಿದ್ದಳು. ವರ್ತಕ ಮಗಳ ಮೇಲೆ ಅಕ್ಕಿಕಾಳು ಹಾಕುವಾಗ ಫಕ್ಕೀರವ್ವನ ಕೈಗಳನ್ನೇ ನೋಡುತ್ತಿದ್ದ. ಕದ ಹಾಕಿಕೊಂಡ ಆ ದಿನಗಳು ಇಲ್ಲದಿದ್ದರೆ ಎರಡನೆಯ ಸೊಲ್ಲೂ ಬರುತ್ತಿತ್ತೇನೋ. ಅದನ್ನು ಅವನು ಯಾರನ್ನು ಕೇಳಬೇಕು?"

 ಮುರಿಗೆಪ್ಪ ತಲೆ ಅಲ್ಲಾಡಿಸಿದ.

"ಆ ವರ್ತಕನ ಮಾತು ಬೇರೆ ಬುದ್ಧಿ. ಅವನ ಹೆಂಗಸರು ಎಂಟು ಅಂಗಳ ತಿರುಗುವವರು. ನನ್ನ ಹನ್ನೆರಡು ಜನ ಬೇರೆ ಮಗ್ಗ ಮುಟ್ಟುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವರು ಕುಡಿಯುವುದು ನಾನು ಕುದಿಸಿದ ನೀರನ್ನೇ."

"ಸಂಜೆಯ ಮೇಲೆ?" ಎಂದು ಗುರುಗಳು ಕೇಳಿದರು.

ಸಂಜೆ ಮನೆಗೆ ಹೋದವರು ಕುಡಿಯುವುದು ಓಣಿಯ ಬಾವಿಯ ನೀರನ್ನೇ ಎಂದು ಹೊಳೆದು, ಮುರಿಗೆಪ್ಪ ಎದ್ದು ಬಾವಿಯ ಕಡೆಗೆ ಹೊರಟ.